ಸೇತುವೆಯ ಕಾಲು ಎಲ್ಲಿ ಊರಬೇಕು?

(ವಿಜ್ಞಾನ ಪಾಠ. ಬರೆದವಳು: ಏಳನೇ ತರಗತಿ ವಿದ್ಯಾರ್ಥಿನಿ)

ಹಿಂದಿನ ಸಂಚಿಕೆಯಲ್ಲಿ ಹಾವುಗಳ ಬಗ್ಗೆ ಬಂದ ಲೇಖನವನ್ನು ನೀವೆಲ್ಲ ಓದಿದ್ದೀರಿ. ಈ ಸಲ ನಾನು ಸೇತುವೆ ಮತ್ತು ಭೂಗರ್ಭಶಾಸ್ತ್ರದ ಬಗ್ಗೆ ಬರೆಯುತ್ತೇನೆ. ಹೆಸರು ಕೇಳಿ ಹೆದರಬೇಡಿ. ಭೂಗರ್ಭ ಅಂದರೆ ಭೂಮಿಯ ಹೊಟ್ಟೆ. ಆ ಹೊಟ್ಟೆಯೊಳಗೆ ಯಾವ ಮಣ್ಣಿದೆ, ಯಾವ ಕಲ್ಲಿದೆ, ಅದು ಹೇಗೆ ಆಯಿತು ಎಂದು ತಿಳಿಯುವ ಶಾಸ್ತ್ರವೇ ಭೂಗರ್ಭಶಾಸ್ತ್ರ.

ನಾನು ಇದನ್ನು ಬರೆಯಲು ಕಾರಣ ನಮ್ಮ ಕೇರಿಯ ಸಂಕ.

ನಮ್ಮ ಸಂಕದ ಕಥೆ

ನಮ್ಮ ಕೇರಿಯಿಂದ ಶಾಲೆಗೆ ಬರಲು ಒಂದು ಹಳ್ಳ ದಾಟಬೇಕು. ಮೊದಲು ಅಲ್ಲಿ ಅಡಿಕೆ ಮರದ ಸಂಕ ಇತ್ತು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಊರವರು ಹೊಸ ಮರ ಹಾಕುತ್ತಿದ್ದರು. ಎರಡು ವರ್ಷದ ಕೆಳಗೆ ಬೇಸಿಗೆಯಲ್ಲಿ ಎರಡೂ ದಡಕ್ಕೆ ಕಲ್ಲು ಕಟ್ಟಿ, ಮೇಲೆ ಕಾಂಕ್ರೀಟ್ ಹಾಸು ಹಾಕಿದರು. ನಾವೆಲ್ಲ ಕುಣಿದಾಡಿದೆವು. ಇನ್ನು ಮೇಲೆ ಮಳೆ ಬಂದರೂ ಶಾಲೆ ತಪ್ಪುವುದಿಲ್ಲ ಅಂದುಕೊಂಡೆವು.

2025ರ ಪುನರ್ವಸು ಮಳೆಯಲ್ಲಿ ಸಂಕ ವಾಲಿತು. ನಮ್ಮ ಕೇರಿ ಕಡೆಯ ತುದಿ ಒಂದು ಗೇಣು ಕೆಳಗೆ ಹೋಯಿತು. ಶಾಲೆ ಕಡೆಯ ತುದಿ ಇದ್ದ ಹಾಗೇ ಇತ್ತು. ಹಾಸಿನ ಮೇಲೆ ಪಾಚಿ ಬೇರೆ. ಎರಡನೇ ತರಗತಿಯ ನನ್ನ ತಮ್ಮ ಜಾರಿ ಹಳ್ಳಕ್ಕೆ ಬಿದ್ದ. ಹಿಂದೆ ಬರುತ್ತಿದ್ದ ದೊಡ್ಡ ಹುಡುಗರು ಕೈ ಹಿಡಿದು ಎಳೆದರು. ಅವನ ಚೀಲ ಮತ್ತು ಕೊಡೆ ಹೋಯಿತು. ದೇವರ ದಯೆ, ಅವನು ಉಳಿದ. ಆಮೇಲೆ ಎಂಟು ದಿನ ಅಮ್ಮ ಅವನನ್ನು ಶಾಲೆಗೆ ಕಳಿಸಲಿಲ್ಲ. ನಾವು ಹನ್ನೆರಡು ಮಕ್ಕಳು ಗುಡ್ಡ ಸುತ್ತಿ ಮೂರು ಕಿಲೋಮೀಟರ್ ನಡೆದು ಬರುತ್ತಿದ್ದೆವು.

ಅದೇ ಪುನರ್ವಸು ಮಳೆಯಲ್ಲಿ, 2025ರ ಜುಲೈ 14ರಂದು, ನಮ್ಮ ತಾಲ್ಲೂಕಿನ ಸಿಗಂದೂರು ಸೇತುವೆ ಉದ್ಘಾಟನೆ ಆಯಿತು. ಅದರ ಉದ್ದ ಸುಮಾರು 2.44 ಕಿಲೋಮೀಟರ್. ನಮ್ಮ ಸಂಕದ ಉದ್ದ 5 ಮೀಟರ್. ಅಷ್ಟು ದೊಡ್ಡದು ನೀರಿನ ನಡುವೆ ನಿಂತಿದೆ, ಇಷ್ಟು ಸಣ್ಣದು ವಾಲಿತು, ಯಾಕೆ ಎಂದು ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು, "ಉತ್ತರ ಸಂಕದ ಮೇಲಿಲ್ಲ, ಕೆಳಗಿದೆ. ಹುಡುಕಿ ಬರಿ" ಎಂದರು. ಹಾಗೆ ಹುಡುಕಿದ್ದು ಈ ಪಾಠ.

ನಮ್ಮ ನೆಲದ ಪದರಗಳು

ನನ್ನ ಅಪ್ಪ ಬಾವಿ ತೋಡುವ ಕೆಲಸ ಮಾಡುತ್ತಾರೆ. ಇದನ್ನು ನಾನು ತರಗತಿಯಲ್ಲಿ ಯಾವತ್ತೂ ಹೇಳಿರಲಿಲ್ಲ. ಆದರೆ ನೆಲದ ಕೆಳಗಿನ ವಿಷಯ ಕೇಳಲು ಅವರಿಗಿಂತ ಹತ್ತಿರದವರು ಯಾರೂ ಇರಲಿಲ್ಲ. ನಮ್ಮ ಮನೆಯ ಬಾವಿ ತೋಡಿದಾಗ ಏನೇನು ಸಿಕ್ಕಿತು ಎಂದು ಕೇಳಿದೆ. ಅವರು ಹೇಳಿದ್ದನ್ನು ಹೀಗೆ ಬರೆದುಕೊಂಡೆ:

1. ಮೇಲ್ಮಣ್ಣು: 2 ಅಡಿ
2. ಜಂಬಿಟ್ಟಿಗೆ ಕಲ್ಲು: 10 ಅಡಿ
3. ಜೇಡಿ ಮಣ್ಣು (ಬಿಳಿ, ಹಳದಿ, ಕೆಂಪು ಬಣ್ಣದ್ದು): 14 ಅಡಿ
4. ಕೈಯಲ್ಲಿ ಪುಡಿಯಾಗುವ ಕೊಳೆತ ಕಲ್ಲು: 5 ಅಡಿ
5. ಆಮೇಲೆ ಗಟ್ಟಿ ಬಂಡೆ. ಇದು ಸಿಕ್ಕಿದ್ದು 31 ಅಡಿಗೆ.

ಮೇಷ್ಟ್ರು ಈ ಪಟ್ಟಿ ನೋಡಿ, "ಇದೇ ಭೂಗರ್ಭಶಾಸ್ತ್ರ. ನಿಮ್ಮಪ್ಪ ಕಾಲೇಜಿಗೆ ಹೋಗದೇ ಕಲಿತಿದ್ದಾರೆ" ಎಂದರು.

ಈಗ ಒಂದೊಂದು ಪದರವನ್ನು ನೋಡೋಣ. ಕೆಳಗಿನ ಬಂಡೆಯಿಂದ ಶುರು ಮಾಡಬೇಕು, ಯಾಕಂದ್ರೆ ಅದೇ ಎಲ್ಲದರ ತಾಯಿ.

ಗಟ್ಟಿ ಬಂಡೆ: ಕರ್ನಾಟಕದ ಬಹುಭಾಗದ ಅಡಿಪಾಯ ನೈಸ್ ಎಂಬ ಜಾತಿಯ ಬಂಡೆ. ಅದರಲ್ಲಿ ಕಪ್ಪು ಬಿಳಿ ಪಟ್ಟಿಗಳು ಕಾಣುತ್ತವೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿರುವ ದೊಡ್ಡ ಬಂಡೆ ಇದೇ ಜಾತಿಯದು. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದ್ದಾರೆ. ನಮ್ಮ ಜೋಗದಲ್ಲಿ ಶರಾವತಿ 253 ಮೀಟರ್ ಎತ್ತರದಿಂದ ಧುಮುಕುವುದೂ ಇಂಥ ಹಳೆಯ ಗಟ್ಟಿ ಬಂಡೆಯ ಮೇಲಿಂದಲೇ.

ಜಂಬಿಟ್ಟಿಗೆ: ಬಂಡೆಯ ಮೇಲೆ ಲಕ್ಷಾಂತರ ವರ್ಷ ಬಿಸಿಲು ಮಳೆ ಬಿದ್ದರೆ ಅದು ಕೊಳೆಯುತ್ತದೆ. ಮಳೆನೀರು ಕರಗುವ ಅಂಶಗಳನ್ನು ತೊಳೆದುಕೊಂಡು ಹೋಗುತ್ತದೆ. ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿಯುತ್ತದೆ. ಕಬ್ಬಿಣ ಇರುವುದರಿಂದಲೇ ಜಂಬಿಟ್ಟಿಗೆಗೆ ಕೆಂಪು ಬಣ್ಣ. ನೆಲದಲ್ಲಿ ಇರುವಾಗ ಮೆತ್ತಗಿರುತ್ತದೆ, ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಅದಕ್ಕೇ ನಮ್ಮ ಮನೆಗಳ ಗೋಡೆಗೆ ಅದನ್ನು ಬಳಸುತ್ತಾರೆ.

ನಿಮಗೆ ಗೊತ್ತೇ? ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ವೈದ್ಯರು 1800 ಮತ್ತು 1801ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ತಿರುಗಾಡಿದರು. ನಮ್ಮ ಇಕ್ಕೇರಿಗೂ ಬಂದಿದ್ದರು. ಕೇರಳದ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ನೋಡಿ 1807ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಅಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆ ಎಂಬ ಹೆಸರಿನೊಳಗೂ ಇಟ್ಟಿಗೆ ಇದೆ ನೋಡಿ!

ಜೇಡಿ ಮಣ್ಣು: ಜಂಬಿಟ್ಟಿಗೆಯ ಕೆಳಗೆ, ಬಂಡೆಯ ಮೇಲೆ, ಜೇಡಿ ಇರುತ್ತದೆ. ಇದೂ ಅದೇ ಬಂಡೆ ಕೊಳೆತು ಆದದ್ದೇ. ನಮ್ಮ ಕಡೆ ಹಸೆ ಚಿತ್ತಾರ ಬರೆಯಲು ಬಿಳಿ ಜೇಡಿಯನ್ನು ಬಳಸುತ್ತಾರೆ. ಇದರ ಕಣಗಳು ಬಹಳ ಸಣ್ಣ. ಬೇಸಿಗೆಯಲ್ಲಿ ಒಣಗಿದಾಗ ಹಾರೆಯೂ ಇಳಿಯದಷ್ಟು ಗಟ್ಟಿ. ಮಳೆಗಾಲದಲ್ಲಿ ನೀರು ಕುಡಿದಾಗ ಬೆಣ್ಣೆಯ ಹಾಗೆ. ನಮ್ಮಲ್ಲಿ ರಸ್ತೆ ಪಕ್ಕದ ಧರೆ ಎಷ್ಟೋ ಸಲ ಮಳೆಗಾಲದಲ್ಲೇ ಕುಸಿಯುವುದು ಇದಕ್ಕೇ. ಕೆಳಗಿನ ಜೇಡಿ ಜಾರಿದರೆ ಮೇಲಿನ ಜಂಬಿಟ್ಟಿಗೆಯೂ ಮರವೂ ಒಟ್ಟಿಗೆ ಬರುತ್ತವೆ.

ಎರಡು ದಡದ ಪರೀಕ್ಷೆ

ದೀಪಾವಳಿ ಕಳೆದು ಹಳ್ಳದ ನೀರು ಇಳಿದ ಮೇಲೆ ನಾನು, ಅಪ್ಪ, ಮೇಷ್ಟ್ರು ಮತ್ತು ನಮ್ಮ ತರಗತಿಯ ನಾಲ್ಕು ಜನ ಸಂಕದ ಹತ್ತಿರ ಹೋದೆವು. ಅಪ್ಪ ಹಾರೆಯನ್ನು ಸೊಂಟದ ಎತ್ತರಕ್ಕೆ ಎತ್ತಿ ಬಿಟ್ಟರು. ಹೀಗೆ ಪ್ರತಿ ದಡದಲ್ಲಿ ಹತ್ತು ಸಲ.

ಶಾಲೆ ಕಡೆಯ ದಡ: ಮೇಲಿನ ಮಣ್ಣು ಸರಿಸಿದ ಕೂಡಲೇ ಹಾಸುಬಂಡೆ. ಹಾರೆ ಠಣ್ ಎಂದು ಪುಟಿಯಿತು. ಒಂದು ಅಂಗುಲವೂ ಇಳಿಯಲಿಲ್ಲ.

ನಮ್ಮ ಕೇರಿ ಕಡೆಯ ದಡ: ಶಬ್ದವೇ ಇಲ್ಲ. ಹತ್ತು ಪೆಟ್ಟಿಗೆ ಒಂದೂವರೆ ಅಡಿ ಇಳಿಯಿತು. ಹಾರೆಯ ತುದಿಗೆ ಹಳದಿ ಜೇಡಿ ಅಂಟಿತ್ತು.

ಒಂದೇ ಹಳ್ಳ, ಐದು ಮೀಟರ್ ಅಂತರ, ಆದರೆ ಒಂದು ಕಾಲು ಬಂಡೆಯ ಮೇಲೆ, ಇನ್ನೊಂದು ಕಾಲು ಜೇಡಿಯ ಮೇಲೆ! ಎರಡೂ ಕಾಲು ಸಮನಾಗಿ ಕುಸಿದಿದ್ದರೆ ಸಂಕ ಸ್ವಲ್ಪ ತಗ್ಗಾಗುತ್ತಿತ್ತು ಅಷ್ಟೆ. ಒಂದು ಮಾತ್ರ ಕುಸಿದಿದ್ದರಿಂದ ವಾಲಿತು. ಸೇತುವೆಗೆ ಬಹಳ ಅಪಾಯ ಇದೇ ಎಂದು ಮೇಷ್ಟ್ರು ಹೇಳಿದರು. ಇದಕ್ಕೆ ಅಸಮ ಕುಸಿತ ಎನ್ನುತ್ತಾರೆ.

ಆಗ ಅಪ್ಪ ಒಂದು ವಿಷಯ ಹೇಳಿದರು. ಸಂಕ ಕಟ್ಟುವಾಗ ಅಪ್ಪನೂ ಕೂಲಿಗೆ ಹೋಗಿದ್ದರಂತೆ. ಪಾಯ ತೆಗೆದಾಗ ಜೇಡಿ ಕಂಡು, "ಇನ್ನೂ ಮೂರು ಮೊಳ ತೆಗೀಬೇಕು, ಇದು ನಂಬುವ ಮಣ್ಣಲ್ಲ" ಎಂದರಂತೆ. ಅದು ಏಪ್ರಿಲ್ ತಿಂಗಳು. ಜೇಡಿ ಒಣಗಿ ಕಲ್ಲಿನ ಹಾಗಿತ್ತು. "ಇಷ್ಟು ಗಟ್ಟಿ ಇದೆಯಲ್ಲ, ಸಾಕು" ಎಂದು ಕಟ್ಟಿಸುವವರು ಹೇಳಿದರಂತೆ.

ನಾನು, "ಅಪ್ಪ, ನೀನು ಇನ್ನೊಂದು ಸಲ ಯಾಕೆ ಹೇಳಲಿಲ್ಲ?" ಅಂತ ಕೇಳಿದೆ. ಅಪ್ಪ ಹಾರೆ ತೊಳೆಯುತ್ತಾ, "ಕೂಲಿಯವನ ಮಾತು ಒಂದು ಸಲ ಕೇಳೋದೇ ಹೆಚ್ಚು ಮಗಾ" ಅಂದರು. ಮೇಷ್ಟ್ರು ಏನೂ ಮಾತಾಡಲಿಲ್ಲ. ನನಗೆ ತಮ್ಮ ಹಳ್ಳಕ್ಕೆ ಬಿದ್ದದ್ದು ನೆನಪಾಯಿತು.

ಸ್ವಲ್ಪ ಲೆಕ್ಕ

ಸಂಕದ ಹಾಸು 5 ಮೀಟರ್ ಉದ್ದ, 1.2 ಮೀಟರ್ ಅಗಲ, 0.2 ಮೀಟರ್ ದಪ್ಪ. ಗಾತ್ರ = 5 × 1.2 × 0.2 = 1.2 ಘನ ಮೀಟರ್.

ಕಬ್ಬಿಣ ಹಾಕಿದ ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,500 ಕಿಲೋ ತೂಗುತ್ತದೆ. ಹಾಗಾದರೆ ಹಾಸಿನ ತೂಕ 1.2 × 2,500 = 3,000 ಕಿಲೋ. ಒಂದೊಂದು ದಡಕ್ಕೆ ಅರ್ಧ, ಅಂದರೆ 1,500 ಕಿಲೋ.

ಪಾಯದ ಅಗಲ 0.5 ಮೀಟರ್, ಉದ್ದ 1.2 ಮೀಟರ್. ವಿಸ್ತೀರ್ಣ = 0.6 ಚದರ ಮೀಟರ್. ಆದ್ದರಿಂದ ಒಂದು ಚದರ ಮೀಟರಿಗೆ 1,500 ÷ 0.6 = 2,500 ಕಿಲೋ. ಒಂದು ಚಾಪೆಯಷ್ಟು ಜಾಗದಲ್ಲಿ 35 ಕಿಲೋ ತೂಕದ 71 ಮಕ್ಕಳು ಒಬ್ಬರ ಮೇಲೊಬ್ಬರು ನಿಂತ ಹಾಗೆ! ಪಾಯದ ಕಲ್ಲಿನ ತೂಕ ಬೇರೆ.

ಬಂಡೆಗೆ ಇದು ಲೆಕ್ಕಕ್ಕೇ ಇಲ್ಲ. ಒದ್ದೆ ಜೇಡಿಗೆ ಇದು ಭಾರ. ಪಾಯದ ಅಗಲವನ್ನು 1 ಮೀಟರ್ ಮಾಡಿದ್ದರೆ ಹಾಸಿನ ಒತ್ತಡ ಅರ್ಧಕ್ಕೆ, 1,250 ಕಿಲೋಗೆ ಇಳಿಯುತ್ತಿತ್ತು. ಅದಕ್ಕೇ ಮೆತ್ತನೆ ನೆಲದಲ್ಲಿ ಪಾಯ ಅಗಲ ಮಾಡಬೇಕು, ಇಲ್ಲವೇ ಗಟ್ಟಿ ನೆಲ ಸಿಗುವ ತನಕ ಆಳಕ್ಕೆ ಹೋಗಬೇಕು.

ಮನೆಯಲ್ಲಿ ಮಾಡುವ ಪ್ರಯೋಗ

ಬೇಕಾಗುವ ವಸ್ತುಗಳು: ಒಂದು ಚಪ್ಪಟೆ ಕಲ್ಲು, ಒಂದು ತಟ್ಟೆ ಒಣಗಿದ ಜೇಡಿ, ಎರಡು ಬೆಂಕಿಪೊಟ್ಟಣ, ಒಂದು ಅಡಿಪಟ್ಟಿ, ಒಂದು ಲೋಟ ನೀರು.

ವಿಧಾನ: ಒಂದು ಬೆಂಕಿಪೊಟ್ಟಣವನ್ನು ಕಲ್ಲಿನ ಮೇಲೆ, ಇನ್ನೊಂದನ್ನು ಜೇಡಿಯ ಮೇಲೆ ನಿಲ್ಲಿಸಿ, ಎರಡೂ ಒಂದೇ ಎತ್ತರಕ್ಕೆ ಬರುವ ಹಾಗೆ ಮಾಡಿ. ಅಡಿಪಟ್ಟಿಯನ್ನು ಸೇತುವೆಯ ಹಾಗೆ ಇಡಿ. ಮೇಲೆ ಸಣ್ಣ ಕಲ್ಲು ಹೇರಿ. ಏನೂ ಆಗುವುದಿಲ್ಲ. ಈಗ ಜೇಡಿಗೆ ನಿಧಾನ ನೀರು ಹಾಕಿ, ಅರ್ಧ ಗಂಟೆ ಬಿಟ್ಟು ನೋಡಿ. ನಮ್ಮ ಸಂಕ ಕಾಣುತ್ತದೆ.

ಎಂಜಿನಿಯರುಗಳು ನೆಲದೊಳಗೆ ಹೇಗೆ ನೋಡುತ್ತಾರೆ?

ದೊಡ್ಡ ಸೇತುವೆ ಕಟ್ಟುವ ಮೊದಲು ಕಂಬ ಬರುವ ಜಾಗದಲ್ಲಿ ತೂತು ಕೊರೆಯುತ್ತಾರೆ. ಮಣ್ಣು ಇರುವಲ್ಲಿ ಒಂದು ಪರೀಕ್ಷೆ ಇದೆ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಒಂದು ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕು ಎಂದು ಎಣಿಸುತ್ತಾರೆ. ಪೆಟ್ಟು ಕಡಿಮೆ ಸಾಕಾದರೆ ನೆಲ ಮೆತ್ತಗೆ, ಹೆಚ್ಚು ಬೇಕಾದರೆ ಗಟ್ಟಿ. ಅಪ್ಪನ ಹಾರೆ ಪರೀಕ್ಷೆಯೂ ಇದೇ ಜಾತಿಯದು!

ಬಂಡೆ ಸಿಕ್ಕಿದ ಮೇಲೆ ವಜ್ರದ ಹಲ್ಲಿರುವ ಕೊಳವೆಯಿಂದ ಕೊರೆದು, ಕಬ್ಬಿನ ಜಲ್ಲೆಯ ಹಾಗೆ ಉದ್ದ ಕಲ್ಲಿನ ತುಂಡು ಹೊರತೆಗೆಯುತ್ತಾರೆ. ತುಂಡು ಉದ್ದುದ್ದ ಬಂದರೆ ಬಂಡೆ ಒಳ್ಳೆಯದು. ಚೂರು ಚೂರಾಗಿ ಬಂದರೆ ಒಳಗೆ ಬಿರುಕುಗಳಿವೆ. 10 ಸೆಂಟಿಮೀಟರಿಗಿಂತ ಉದ್ದದ ತುಂಡುಗಳು ನೂರಕ್ಕೆ ಎಷ್ಟು ಪಾಲು ಎಂದು ಲೆಕ್ಕ ಹಾಕಿ ಬಂಡೆಗೆ ಅಂಕ ಕೊಡುತ್ತಾರೆ. ನಮಗೆ ಪರೀಕ್ಷೆಯಲ್ಲಿ ಕೊಟ್ಟ ಹಾಗೆಯೇ.

ಬಂಡೆ ಗಟ್ಟಿ ಇದ್ದರೆ ಮಾತ್ರ ಸಾಲದು, ಅದರ ಪದರ ಯಾವ ಕಡೆ ಇಳಿಜಾರಾಗಿದೆ ಎಂದೂ ನೋಡಬೇಕು. ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟು ಮೇಜನ್ನು ಓರೆ ಮಾಡಿ. ಪುಸ್ತಕ ಹರಿಯುವುದಿಲ್ಲ, ಆದರೆ ಜಾರುತ್ತದೆ. ಹಾಗೆಯೇ ಪದರಗಳು ಹೊಳೆಯ ಕಡೆಗೆ ವಾಲಿದ್ದರೆ ಬಂಡೆಯೇ ಜಾರಬಹುದು.

ಸಿಗಂದೂರು ಸೇತುವೆ

ನನ್ನ ಅತ್ತೆಯ ಮನೆ ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರು ಹಿಂದಕ್ಕೆ ತುಂಬಿ ಆ ಭಾಗ ದ್ವೀಪದ ಹಾಗಾಯಿತು. ಸೇತುವೆ ಆಗುವವರೆಗೆ ಅಲ್ಲಿಯವರು ಸಾಗರಕ್ಕೆ ಬರಲು ಹೊಳೆಬಾಗಿಲಿನ ಲಾಂಚ್ ಕಾಯಬೇಕಿತ್ತು. ರಾತ್ರಿ ಕಾಯಿಲೆ ಬಿದ್ದರೆ ಬೆಳಗಾಗುವ ತನಕ ಕಾಯುವುದು, ಇಲ್ಲವೇ ಬಹಳ ದೂರ ಸುತ್ತುವುದು. ಈಗ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ 16 ಮೀಟರ್ ಅಗಲದ ಸೇತುವೆ ಇದೆ. ನಾವು ದಸರಾ ರಜೆಯಲ್ಲಿ ಅದರ ಮೇಲೆ ಹೋದೆವು. ಅಜ್ಜಿ ಕಿಟಕಿಯಲ್ಲಿ ನೀರು ನೋಡುತ್ತಾ, "ನನ್ನ ತವರುಮನೆ ಇದರ ಅಡಿಗೇ ಇದೆ" ಅಂದಳು.

ಅಜ್ಜಿಯ ಮಾತಿನಲ್ಲಿ ವಿಜ್ಞಾನವೂ ಇದೆ. ಈಗ ನೀರು ನಿಂತಿರುವ ಜಾಗ ಮೊದಲು ಗುಡ್ಡ, ಗದ್ದೆ, ಹೊಳೆ ಆಗಿತ್ತು. ಆದ್ದರಿಂದ ನೀರಿನ ಅಡಿಯಲ್ಲಿ ನೆಲ ಒಂದೇ ಸಮ ಇರುವುದಿಲ್ಲ. ಎಲ್ಲೋ ಬಂಡೆ ಮೇಲಿರುತ್ತದೆ, ಎಲ್ಲೋ ಆಳದಲ್ಲಿರುತ್ತದೆ. ನೀರಿನ ಮಟ್ಟವೂ ಏರಿಳಿಯುತ್ತದೆ. ಜಲಾಶಯ ತುಂಬಿದಾಗ ಅದು ಸಮುದ್ರ ಮಟ್ಟದಿಂದ 1,819 ಅಡಿ. ಬೇಸಿಗೆಯಲ್ಲಿ ಬಹಳ ಕೆಳಗೆ ಹೋಗುತ್ತದೆ.

ಇಂಥ ನೀರಿನಲ್ಲಿ ಪಾಯ ಹೀಗೆ ಹಾಕುತ್ತಾರೆ. ತೇಲುವ ಕಟ್ಟೆಯ ಮೇಲೆ ಯಂತ್ರ ನಿಲ್ಲಿಸಿ, ದೊಡ್ಡ ಉಕ್ಕಿನ ಕೊಳವೆಯನ್ನು ನೆಲಕ್ಕೆ ಇಳಿಸುತ್ತಾರೆ. ಅದರೊಳಗೆ ಮಣ್ಣನ್ನು ತೆಗೆದು ಗಟ್ಟಿ ಬಂಡೆಯೊಳಗೆ ಕೊರೆಯುತ್ತಾರೆ. ಕಬ್ಬಿಣದ ಪಂಜರ ಇಳಿಸುತ್ತಾರೆ. ಆಮೇಲೆ ಇನ್ನೊಂದು ಕೊಳವೆಯಿಂದ ಕಾಂಕ್ರೀಟನ್ನು ತಳದಿಂದ ತುಂಬುತ್ತಾ ಬರುತ್ತಾರೆ. ಅದು ನೀರನ್ನು ಮೇಲಕ್ಕೆ ದೂಡುತ್ತದೆ. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ರಾಸಾಯನಿಕ ಕ್ರಿಯೆ ನಡೆದು. ಅದಕ್ಕೇ ನೀರೊಳಗೂ ಗಟ್ಟಿಯಾಗುತ್ತದೆ. ಇಂಥ ಹಲವು ಕಾಲುಗಳನ್ನು ಸೇರಿಸಿ ಒಂದು ಕಂಬ ಮಾಡುತ್ತಾರೆ. ಸಿಗಂದೂರು ಸೇತುವೆಯ ಆಳದ ಭಾಗದಲ್ಲಿ ಕಂಬಗಳು ದೂರ ದೂರ ಇವೆ, ನಡುವೆ ಹಾಸನ್ನು ಉಕ್ಕಿನ ಹಗ್ಗಗಳು ಎಳೆದು ಹಿಡಿದಿವೆ. ಆಳದಲ್ಲಿ ಊರುವ ಕಾಲು ಕಡಿಮೆ ಆದಷ್ಟೂ ಒಳ್ಳೆಯದಲ್ಲವೇ?

ದೂರದ ಎರಡು ಸೇತುವೆಗಳು

ಜಮ್ಮು ಮತ್ತು ಕಾಶ್ಮೀರದ ಚಿನಾಬ್ ರೈಲು ಸೇತುವೆ 2025ರ ಜೂನ್ 6ರಂದು ಉದ್ಘಾಟನೆಯಾಯಿತು. ಹೊಳೆಯಿಂದ 359 ಮೀಟರ್ ಎತ್ತರ. ಅದರ ಕಮಾನು ನಿಂತಿರುವುದು ಬಿರುಕುಗಳಿರುವ ಕಡಿದಾದ ಬೆಟ್ಟದ ಮೇಲೆ. ಬೆಟ್ಟ ಜಾರದಂತೆ ಬಂಡೆಯೊಳಗೆ ಉದ್ದ ಉಕ್ಕಿನ ಸರಳುಗಳನ್ನು ಹೊಡೆದು ಹೊಲಿದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಜಿ. ಮಾಧವಿ ಲತಾ ಅವರು 17 ವರ್ಷ ಈ ಕೆಲಸಕ್ಕೆ ಸಲಹೆ ಕೊಟ್ಟರು. ಅಗೆದಾಗ ಅಂದುಕೊಂಡಿದ್ದಕ್ಕಿಂತ ಬೇರೆ ಬಂಡೆ ಸಿಕ್ಕಿದರೆ ನಕ್ಷೆಯನ್ನೇ ಬದಲಿಸುತ್ತಿದ್ದರು. ಇದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಹೆಣ್ಣುಮಕ್ಕಳು ಬೆಟ್ಟವನ್ನೂ ಓದಬಹುದು.

ಅಮೆರಿಕದ ನ್ಯೂಯಾರ್ಕಿನಲ್ಲಿ 1883ರಲ್ಲಿ ಮುಗಿದ ಬ್ರೂಕ್ಲಿನ್ ಸೇತುವೆಯ ಎರಡು ಗೋಪುರಗಳೂ ನಮ್ಮ ಸಂಕದ ಹಾಗೆ ಬೇರೆ ಬೇರೆ ನೆಲದಲ್ಲಿವೆ. ಬ್ರೂಕ್ಲಿನ್ ಕಡೆ ಸುಮಾರು 44 ಅಡಿಗೆ ಗಟ್ಟಿ ನೆಲ ಸಿಕ್ಕಿತು. ಇನ್ನೊಂದು ಕಡೆ ಸುಮಾರು 78 ಅಡಿ ಹೋದರೂ ಬಂಡೆ ಸಿಗಲಿಲ್ಲ. ಕೆಲಸಗಾರರು ಕಾಯಿಲೆ ಬಿದ್ದು ಸಾಯತೊಡಗಿದರು. ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅಲ್ಲಿಯ ಮರಳನ್ನು ಪರೀಕ್ಷಿಸಿ, ಇದು ಬಹುಕಾಲದಿಂದ ಒತ್ತಿ ಗಟ್ಟಿಯಾದ ಮರಳು, ಸಾಕು ಎಂದು ನಿಲ್ಲಿಸಿದರು. ಸೇತುವೆ ಇನ್ನೂ ನಿಂತಿದೆ. ಅಂದರೆ ಎಲ್ಲಾ ಕಡೆ ಬಂಡೆಯೇ ಬೇಕೆಂದಿಲ್ಲ. ಆದರೆ "ಸಾಕು" ಎನ್ನುವ ಮೊದಲು ಪರೀಕ್ಷೆ ಮಾಡಿರಬೇಕು.

ನೀರು ಕಾಲು ತೋಡುತ್ತದೆ

ಹರಿಯುವ ಹಳ್ಳದ ಮರಳಿನಲ್ಲಿ ನಿಂತರೆ ಹಿಮ್ಮಡಿಯ ಕೆಳಗಿನ ಮರಳು ಜಾರಿಹೋಗುತ್ತದೆ. ಸೇತುವೆಗೂ ಹೀಗೇ ಆಗುತ್ತದೆ. ಕಂಬಕ್ಕೆ ಬಡಿದ ನೀರು ಸುಳಿಯಾಗಿ ಬುಡ ತೋಡುತ್ತದೆ. 1987ರ ಏಪ್ರಿಲ್ 5ರಂದು ನ್ಯೂಯಾರ್ಕ್ ರಾಜ್ಯದ ಸ್ಕೋಹರಿ ಹೊಳೆಯ ಸೇತುವೆ ಪ್ರವಾಹದಲ್ಲಿ ಹೀಗೆಯೇ ಬಿದ್ದು 10 ಜನ ತೀರಿಕೊಂಡರು. ಮೇಲೆ ಸೇತುವೆ ಗಟ್ಟಿ ಇತ್ತು, ಬುಡದ ನೆಲ ಹೋಗಿತ್ತು. ನಮ್ಮ ಸಂಕದ ಬುಡದಲ್ಲೂ ಒಂದು ಮೊಳ ಆಳದ ಗುಂಡಿ ಕಂಡೆವು. ಪಾಯದ ಸುತ್ತ ದೊಡ್ಡ ಕಲ್ಲು ಜೋಡಿಸಿದರೆ ತೋಡುವುದು ಕಡಿಮೆಯಾಗುತ್ತದೆ.

ಮುಂದೆ ಏನು?

ನಾವು ಹನ್ನೆರಡು ಮಕ್ಕಳು ಒಂದು ಅರ್ಜಿ ಬರೆದಿದ್ದೇವೆ. ಮಕ್ಕಳ ಗ್ರಾಮಸಭೆಯಲ್ಲಿ ಅದನ್ನು ನಾನೇ ಓದುತ್ತೇನೆ. ಅದರಲ್ಲಿ ಮೂರೇ ಮಾತು ಇದೆ. ಒಂದು, ಈ ಮಳೆಗಾಲದ ಒಳಗೆ ಸಂಕ ಸರಿ ಮಾಡಬೇಕು. ಎರಡು, ಕೇರಿ ಕಡೆಯ ಪಾಯವನ್ನು ಕೊಳೆತ ಕಲ್ಲಿನ ಕೆಳಗಿನ ಬಂಡೆ ಸಿಗುವ ತನಕ ಇಳಿಸಬೇಕು, ಆಗದಿದ್ದರೆ ಎಂಜಿನಿಯರ್ ಪರೀಕ್ಷೆ ಮಾಡಿ ಎಷ್ಟು ಅಗಲ ಬೇಕೆಂದು ಹೇಳಬೇಕು. ಮೂರು, ಪಾಯ ತೆಗೆದ ದಿನ ಊರಲ್ಲಿ ಬಾವಿ ತೋಡುವವರನ್ನು ಕರೆದು ಕೇಳಬೇಕು.

ಮೂರನೆಯದನ್ನು ಓದಿ ಹೇಳಿದಾಗ ಅಪ್ಪ ನಕ್ಕರು. ಆಮೇಲೆ, "ಪರೀಕ್ಷೆ ಗುಂಡಿ ತೆಗೆಯೋದಾದ್ರೆ ನಾನು ಕೂಲಿ ತಗೊಳಲ್ಲ, ಅದನ್ನೂ ಬರಿ" ಅಂದರು. ಬರೆದಿದ್ದೇನೆ.

ಸಾರಾಂಶ

1. ಸೇತುವೆಯ ಬಲ ಅದರ ಕೆಳಗಿನ ನೆಲದಲ್ಲಿದೆ.
2. ಒಂದೇ ಹಳ್ಳದ ಎರಡು ದಡದ ನೆಲ ಬೇರೆ ಬೇರೆ ಇರಬಹುದು.
3. ಜೇಡಿಯನ್ನು ಬೇಸಿಗೆಯಲ್ಲಿ ನೋಡಿ ನಂಬಬಾರದು.
4. ಕಟ್ಟುವ ಮೊದಲು ಕೊರೆದು ನೋಡಬೇಕು, ಕಟ್ಟಿದ ಮೇಲೆ ಪ್ರತಿ ಮಳೆಗಾಲ ಬುಡ ನೋಡಬೇಕು.

ಉತ್ತರಿಸಿ ನೋಡೋಣ

1. ಜಂಬಿಟ್ಟಿಗೆಗೆ ಕೆಂಪು ಬಣ್ಣ ಯಾಕೆ?
2. ಅಸಮ ಕುಸಿತ ಎಂದರೇನು?
3. ಸಿಮೆಂಟ್ ನೀರಿನೊಳಗೆ ಹೇಗೆ ಗಟ್ಟಿಯಾಗುತ್ತದೆ?
4. ನಿಮ್ಮ ಮನೆಯ ಬಾವಿ ತೋಡಿದಾಗ ಯಾವ ಯಾವ ಪದರ ಸಿಕ್ಕಿತು? ಮನೆಯ ಹಿರಿಯರನ್ನು ಕೇಳಿ ಪಟ್ಟಿ ಮಾಡಿ ತನ್ನಿ. ಎಲ್ಲಾ ಪಟ್ಟಿ ಸೇರಿಸಿ ಮುಂದಿನ ಸಂಚಿಕೆಯಲ್ಲಿ ನಮ್ಮೂರ ಭೂಗರ್ಭದ ನಕ್ಷೆ ಬರೆಯೋಣ.

ತಪ್ಪಿದ್ದರೆ ತಿದ್ದಿ ಹೇಳಬೇಕಾಗಿ ವಿನಂತಿ.